300ಬಿ ಪೂಜೆ ಸಾಕು, ಹಾರ್ನ್‌ಗೆ ಏನು ಬೇಕೆಂದು ಕೇಳಿ

ಹಾರ್ನ್ ಸ್ಪೀಕರಿನ ಹುಚ್ಚು ಹತ್ತಿಸಿಕೊಂಡ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಆಂಪ್ಲಿಫೈಯರ್ ಹತ್ತಿರ ಬಂದು ನಿಲ್ಲುತ್ತದೆ. ಪ್ಲೈವುಡ್ ಕೊಯ್ದು, ಪದರ ಪದರವಾಗಿ ಅಂಟಿಸಿ, ಉಜ್ಜಿ, ಹಾರ್ನ್‌ನ ಬಾಗನ್ನು ಲೆಕ್ಕ ಹಾಕಿ ತಾನೇ ಕಟ್ಟಿದ ಮನುಷ್ಯ ಈ ಹಂತಕ್ಕೆ ಬಂದಕೂಡಲೇ ಲೆಕ್ಕ ಬಿಟ್ಟು ಭಕ್ತನಾಗಿಬಿಡುತ್ತಾನೆ. "ಹಾರ್ನ್ ಅಂದ್ಮೇಲೆ 300ಬಿ ವಾಲ್ವಿನ ಆಂಪೇ ಬೇಕು ಸಾರ್" ಅನ್ನುತ್ತಾನೆ. ಎಡ ಬಲ ಸೇರಿ ಆರು ಚಾನೆಲ್ ಇದ್ದರೆ? "ಆರಕ್ಕೂ 300ಬಿ." ಅಷ್ಟು ದುಡ್ಡಿಲ್ಲದಿದ್ದರೆ? "ಕೊನೇಪಕ್ಷ ಆರೂ ಒಂದೇ ಜಾತಿಯವಾಗಿರಬೇಕು. ಇಲ್ಲದಿದ್ದರೆ ದನಿ ಬೆರೆಯಲ್ಲ."

ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಅನ್ನುವುದು ಮರ್ಯಾದೆಯ ಮಾತಾಯಿತು. ಮಲ್ಟಿ-ಆಂಪ್ ಹಾರ್ನ್ ಸಿಸ್ಟಂ ಕಟ್ಟುವುದರಿಂದ ಸಿಗುವ ಲಾಭವನ್ನೆಲ್ಲ ಈ ಎರಡು ಮಾತುಗಳೇ ತಿಂದುಹಾಕುತ್ತಿವೆ ಎಂಬುದು ನನ್ನ ದೂರು.

ಹೊಸಬರಿಗಾಗಿ ಒಂದು ವಿವರಣೆ. ಸಾಮಾನ್ಯ ಸ್ಪೀಕರಿನಲ್ಲಿ ಒಂದೇ ಆಂಪ್ಲಿಫೈಯರ್ ಇರುತ್ತದೆ. ಅದರಿಂದ ಹೊರಟ ಸಂಕೇತವನ್ನು ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್‌ಗಳು ಸೇರಿ ಬೇಸ್, ಮಿಡ್, ಟ್ರೆಬಲ್ ಎಂದು ಒಡೆಯುತ್ತವೆ. ಮಲ್ಟಿ-ಆಂಪ್ ಪದ್ಧತಿಯಲ್ಲಿ ಸಂಕೇತವನ್ನು ಮೊದಲೇ, ಸಣ್ಣದಿದ್ದಾಗಲೇ ಒಡೆದು ಒಂದೊಂದು ಭಾಗಕ್ಕೂ ಪ್ರತ್ಯೇಕ ಆಂಪ್ಲಿಫೈಯರ್ ಕೊಡುತ್ತಾರೆ. ಆಂಪ್ಲಿಫೈಯರ್‌ಗೂ ಸದ್ದು ಹುಟ್ಟಿಸುವ ಡ್ರೈವರ್‌ಗೂ ನಡುವೆ ತಂತಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಇದರಲ್ಲಿ ಹೊಸದೇನಿಲ್ಲ. ಎಪ್ಪತ್ತರ ದಶಕದ ಜೆಬಿಎಲ್ 4350 ಸ್ಟುಡಿಯೋ ಮಾನಿಟರ್ ಎರಡು ಆಂಪ್ಲಿಫೈಯರ್ ಇಲ್ಲದೆ ನುಡಿಯುತ್ತಲೇ ಇರಲಿಲ್ಲ.

ನಮ್ಮ ಊರುಗಳ ಸೌಂಡ್ ಸರ್ವೀಸಿನವರಿಗೂ ಇದು ಗೊತ್ತು. ಬೇಸ್‌ಗೊಂದು ಆಂಪ್, ಟಾಪ್‌ಗೊಂದು ಆಂಪ್ ಎಂದು ಅವರು ಯಾವ ಪುಸ್ತಕ ಓದದೆಯೂ ಬೇರೆ ಮಾಡಿಟ್ಟಿರುತ್ತಾರೆ, ಬೇಸಿನದು ಭಾರಿ, ಟಾಪಿನದು ಸಣ್ಣದು. ಜಾತ್ರೆಯ ಸದ್ದು ಎಂದು ಅವರ ಬಗ್ಗೆ ಮೂಗು ಮುರಿಯುವ ನಮ್ಮ ಹೈಫೈ ಜನಕ್ಕೆ ಆ ಒಂದು ವಿವೇಕ ಇನ್ನೂ ಬಂದಿಲ್ಲ.

300ಬಿ ಹಾರ್ನ್‌ಗೆ ಗಂಟು ಬಿದ್ದದ್ದು ಹೇಗೆ ಎಂದು ನೋಡಿ. 1926ರಲ್ಲಿ ಅಮೆರಿಕದಲ್ಲಿ ವೈಟಾಫೋನ್ ಮೂಲಕ ಸಿನಿಮಾಕ್ಕೆ ದನಿ ಬಂದಾಗ ಥಿಯೇಟರ್ ತುಂಬಿಸಲು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೈಯಲ್ಲಿದ್ದದ್ದು ಕೆಲವೇ ವಾಟ್‌ಗಳ ಆಂಪ್ಲಿಫೈಯರ್‌ಗಳು. ವಾಟ್ ಎನ್ನುವುದು ಆಗ ದುಬಾರಿ ಸರಕು. ಆದ್ದರಿಂದಲೇ ವೆಂಟ್ ಮತ್ತು ಥುರಾಸ್ 555 ಡ್ರೈವರನ್ನು ರೂಪಿಸಿ, ಅದನ್ನು ಆಳೆತ್ತರದ ಹಾರ್ನ್‌ಗೆ ಜೋಡಿಸಿ, ಇದ್ದಷ್ಟೇ ವಿದ್ಯುತ್ತಿನಿಂದ ಆದಷ್ಟು ಹೆಚ್ಚು ಸದ್ದು ಹಿಂಡಿದರು. 300ಬಿ ವಾಲ್ವ್ ಬಂದದ್ದು 1938ರಲ್ಲಿ. ಒಂಟಿ ವಾಲ್ವಿನಿಂದ 8 ವಾಟ್ ತೆಗೆಯಬಹುದಿತ್ತು, ಬಾಳಿಕೆ ಚೆನ್ನಾಗಿತ್ತು, ಕಂಪನಿಯೇ ಥಿಯೇಟರುಗಳಿಗೆ ಸಲಕರಣೆ ಕೊಡುತ್ತಿತ್ತು. ಹಾರ್ನನ್ನೂ 300ಬಿಯನ್ನೂ ಜೊತೆಗೂಡಿಸಿದ್ದು ಕಾಲದ ಅನಿವಾರ್ಯ. ಆ ಎಂಜಿನಿಯರುಗಳಿಗೆ ಅಂದು ಇಂದಿನ ಸಣ್ಣ ಚಿಪ್ ಒಂದು ಸಿಕ್ಕಿದ್ದರೆ ವಾಲ್ವ್ ಪೆಟ್ಟಿಗೆಯನ್ನು ಅಂದೇ ಗೋದಾಮಿಗೆ ಕಳಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮುಂದೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಜಪಾನಿನ, ಫ್ರಾನ್ಸಿನ ಆಸಕ್ತರು ಆ ಹಳೆಯ ಸಲಕರಣೆಗಳನ್ನು ಮನೆಗೆ ತಂದರು. ಅವರ ಕಿವಿ ಸೂಕ್ಷ್ಮವಾಗಿತ್ತು, ಶ್ರದ್ಧೆಯೂ ದೊಡ್ಡದು. ಅವರ ನಂತರದವರಿಗೆ ಉಳಿದದ್ದು ಮಾತ್ರ ಬರೀ ಶ್ರದ್ಧೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಸಾಮಾನ್ಯ ಕಂಪ್ರೆಷನ್ ಡ್ರೈವರ್ ಹಾರ್ನ್ ಮೇಲೆ ಕೂತಾಗ 1 ವಾಟ್‌ಗೆ 1 ಮೀಟರ್ ದೂರದಲ್ಲಿ 108 ಡಿಬಿ ಆಸುಪಾಸು ಸದ್ದು ಕೊಡುತ್ತದೆ. ಮನೆಯಲ್ಲಿ ತುಸು ಜೋರಾಗಿಯೇ ಕೇಳುತ್ತೀರಿ ಎಂದರೂ ಸರಾಸರಿ 85 ಡಿಬಿ. ವ್ಯತ್ಯಾಸ 23 ಡಿಬಿ, ಅಂದರೆ ಡ್ರೈವರ್‌ಗೆ ಹೋಗುವುದು ಒಂದು ವಾಟ್‌ನ ಇನ್ನೂರನೇ ಒಂದು ಪಾಲು, 5 ಮಿಲಿವಾಟ್. ನೀವು ಕೂರುವುದು ಮೂರು ಮೀಟರ್ ದೂರದಲ್ಲಿ ಎಂದು ಇನ್ನೊಂದು 6 ಡಿಬಿ ಸೇರಿಸಿದರೆ 20 ಮಿಲಿವಾಟ್. ಮೃದಂಗದ ಪೆಟ್ಟಿಗೆ, ಸ್ವರ ಒಮ್ಮೆಲೇ ಏರುವುದಕ್ಕೆ ಅಂತ ಮೇಲೆ 20 ಡಿಬಿ ಇಟ್ಟುಕೊಂಡರೂ 2 ವಾಟ್. ಇದೇ ಕೋಣೆಯಲ್ಲಿ 87 ಡಿಬಿಯ ಮಾಮೂಲಿ ಪೆಟ್ಟಿಗೆ ಸ್ಪೀಕರ್ ಇದ್ದಿದ್ದರೆ ಸರಾಸರಿ ಎರಡೂವರೆ ವಾಟ್, ಆ ಪೆಟ್ಟುಗಳಿಗೆ 250 ವಾಟ್ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಆಂಪ್ಲಿಫೈಯರ್‌ಗಳೆಲ್ಲ ತಯಾರಾಗುವುದು ಆ ಎರಡನೆಯ ಸ್ಪೀಕರಿಗಾಗಿ. ಅದನ್ನು ತಂದು ಮಿಡ್ ಹಾರ್ನ್‌ಗೆ ಜೋಡಿಸುವುದೆಂದರೆ ಮದುವೆ ಮನೆಯ ಕೊಪ್ಪರಿಗೆ ಇಟ್ಟು ಒಂದು ಲೋಟ ಕಾಫಿ ಕಾಸಿದ ಹಾಗೆ.

ವಾಟ್ ಹೆಚ್ಚಿದ್ದರೆ ನಷ್ಟವೇನು, ಇರಲಿ ಬಿಡಿ ಅನ್ನುವವರಿದ್ದಾರೆ. ನಷ್ಟ ಸದ್ದಿಲ್ಲದಾಗ ಕೇಳಿಸುತ್ತದೆ.

ಪ್ರತಿ ಆಂಪ್ಲಿಫೈಯರೂ ಸಂಗೀತ ಇಲ್ಲದಿರುವಾಗಲೂ ತನ್ನದೇ ಒಂದಿಷ್ಟು ಗದ್ದಲ ಹೊರಗೆ ಬಿಡುತ್ತಿರುತ್ತದೆ, ಹಿಸ್ ಎನ್ನುವ ಸದ್ದು, ಗುಂಯ್ ಎನ್ನುವ ಹಮ್. ಅದು ಕೇವಲ 1 ಮಿಲಿವೋಲ್ಟ್ ಇದೆ ಎನ್ನಿ. 8 ಓಂ ಮೇಲೆ ಇದು ಒಂದು ವಾಟ್‌ಗಿಂತ 69 ಡಿಬಿ ಕೆಳಗೆ. 87 ಡಿಬಿ ಸ್ಪೀಕರಿನಲ್ಲಿ ಇದು 18 ಡಿಬಿ ಸದ್ದು, ಯಾರ ಕಿವಿಗೂ ಬೀಳದು. 108 ಡಿಬಿ ಹಾರ್ನ್‌ನಲ್ಲಿ ಅದೇ ಗದ್ದಲ 39 ಡಿಬಿ. ರಾತ್ರಿ ಹತ್ತರ ಮೇಲೆ ಬೀದಿ ತಣ್ಣಗಾದಾಗ ಕುರ್ಚಿಯಲ್ಲಿ ಕೂತೇ ಕೇಳಿಸಿಕೊಳ್ಳಬಹುದು. ಹಾರ್ನ್ ಸಂಗೀತವನ್ನು ಎಷ್ಟು ಪಟ್ಟು ಎತ್ತಿಕೊಡುತ್ತದೆಯೋ ಗದ್ದಲವನ್ನೂ ಅಷ್ಟೇ ಪಟ್ಟು ಎತ್ತಿಕೊಡುತ್ತದೆ. ಅದಕ್ಕೆ ಭೇದಭಾವ ಗೊತ್ತಿಲ್ಲ.

ಇಲ್ಲೊಂದು ಬಲೆ ಇದೆ, ಬಹಳ ಜನ ಬೀಳುವುದು ಅದರಲ್ಲೇ. ಹಳೆಯ ಪ್ಯಾಸಿವ್ ಕ್ರಾಸ್‌ಓವರಿನಲ್ಲಿ, ಅಂದರೆ ಸಂಕೇತವನ್ನು ಪೆಟ್ಟಿಗೆಯೊಳಗೆ ಒಡೆಯುವ ಆ ಕಾಯಿಲ್, ಕೆಪಾಸಿಟರ್‌ಗಳ ಜಾಲದಲ್ಲಿ, ಹಾರ್ನ್‌ನ ಅತಿ ಜೋರನ್ನು ಬೇಸ್ ಡ್ರೈವರಿನ ಮಟ್ಟಕ್ಕೆ ಇಳಿಸಲು ರೆಸಿಸ್ಟರ್ ಹಾಕಿರುತ್ತಾರೆ, ಹತ್ತು ಹನ್ನೆರಡು ಡಿಬಿಯಷ್ಟು. ಆ ರೆಸಿಸ್ಟರ್ ಆಂಪ್ಲಿಫೈಯರಿನ ಗದ್ದಲವನ್ನೂ ಅಷ್ಟೇ ಇಳಿಸುತ್ತಿತ್ತು. ಮಲ್ಟಿ-ಆಂಪ್ ಮಾಡುವ ಉತ್ಸಾಹದಲ್ಲಿ ಮೊದಲು ಕಿತ್ತೆಸೆಯುವುದು ಅದನ್ನೇ. ಸಂಕೇತ ಒಡೆಯುವ ಕೆಲಸ ಆಂಪ್ಲಿಫೈಯರಿಗಿಂತ ಮುಂಚೆ ಹೋಯಿತು, ಆದ್ದರಿಂದ ಆಂಪ್ಲಿಫೈಯರ್ ಹುಟ್ಟಿಸುವ ಗದ್ದಲಕ್ಕೆ ಈಗ ಯಾವ ತಡೆಯೂ ಇಲ್ಲ. ನಿನ್ನೆಯವರೆಗೆ ಮೌನವಾಗಿದ್ದ ಅದೇ ಆಂಪ್ಲಿಫೈಯರ್ ಇವತ್ತು ಹಿಸ್ ಅನ್ನುತ್ತದೆ. ಮಾಲೀಕ ಕೇಬಲ್ ಬದಲಾಯಿಸುತ್ತಾನೆ, ಪವರ್ ಕಾರ್ಡ್ ಬದಲಾಯಿಸುತ್ತಾನೆ, ಕೊನೆಗೆ ಇನ್ನೂ ದೊಡ್ಡ ಹೆಸರಿನ ಆಂಪ್ಲಿಫೈಯರ್ ತರುತ್ತಾನೆ. ಹಿಸ್ ಅಲ್ಲೇ ಇರುತ್ತದೆ.

ಪರಿಚಯದವರೊಬ್ಬರ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮಿಡ್‌ಗೂ ಟ್ರೆಬಲ್‌ಗೂ 300ಬಿ, ವಾಲ್ವ್‌ಗಳ ಕಿತ್ತಳೆ ಬೆಳಕು ನೋಡಲು ನಿಜಕ್ಕೂ ಚೆಂದ. "ಸ್ವಲ್ಪ ಹಮ್ ಇದೆ ಸಾರ್, ಹಾಡು ಹಾಕಿದ್ರೆ ಗೊತ್ತಾಗಲ್ಲ" ಎಂದು ಮೊದಲೇ ಹೇಳಿಬಿಟ್ಟರು. ಹಾಕಿದ್ದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೈಸೂರು ಬಾನಿಯ ಆ ನುಡಿಸಾಣಿಕೆಯಲ್ಲಿ ಒಂದು ಮೀಟಿಗೂ ಇನ್ನೊಂದು ಮೀಟಿಗೂ ನಡುವೆ ನಾದ ಕರಗುತ್ತಾ ಹೋಗುವುದೇ ಮುಖ್ಯ, ಕಿವಿ ಅದರ ಬೆನ್ನು ಹತ್ತಿ ಹೋಗುತ್ತದೆ. ಅಲ್ಲಿ ನಾದ ಅರ್ಧ ದಾರಿಯಲ್ಲೇ ಗುಂಯ್ ಒಳಗೆ ಮುಳುಗಿ ಹೋಗುತ್ತಿತ್ತು. ಎದ್ದು ಹೋಗಿ ಹಾರ್ನ್ ಬಾಯಿಗೆ ಕಿವಿ ಕೊಟ್ಟರೆ ಹಮ್‌ನ ಮೇಲಿನ ಹಾರ್ಮೋನಿಕ್‌ಗಳು, ಮುನ್ನೂರು ಐನೂರು ಹರ್ಟ್ಸ್‌ನವು, ಜೇನುಹುಳದ ಹಾಗೆ ಕೊರೆಯುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ರೆಕ್ಟಿಫೈಯರ್ ದಾಟಿದ ಮೇಲೆ 100. ಬಿಳಿ ಒಂದರ ಶ್ರುತಿಗೆ ಮಂದ್ರ ಪಂಚಮ 98 ಹರ್ಟ್ಸ್. ಅಂದರೆ ತಂಬೂರಿಯ ಪಕ್ಕದಲ್ಲೇ ತುಸು ಏರಿದ ಅಪಸ್ವರದ ಇನ್ನೊಂದು ತಂಬೂರಿ. ಪಾಶ್ಚಾತ್ಯ ಆರ್ಕೆಸ್ಟ್ರಾ ಕೇಳುವವರು ಇದನ್ನು ಸಹಿಸಿಕೊಂಡಾರು. ಶ್ರುತಿಯ ಮೇಲೇ ನಿಂತ ಸಂಗೀತ ಕೇಳುವ ನಾವು ಯಾಕೆ ಸಹಿಸಿಕೊಳ್ಳಬೇಕು?

ಆ ಹಮ್ ಬರುವುದರಲ್ಲಿ ಆಶ್ಚರ್ಯವಿಲ್ಲ. 300ಬಿಯಲ್ಲಿ ಎಲೆಕ್ಟ್ರಾನ್ ಹೊರಡುವುದು ಕಾಯುವ ತಂತಿಯಿಂದಲೇ, 5 ವೋಲ್ಟ್, 1.2 ಆಂಪಿಯರ್. ಆ ತಂತಿಗೆ ಎಸಿ ಕೊಟ್ಟರೆ ಎಷ್ಟು ಹುಷಾರಾಗಿ ಸಮತೋಲ ಮಾಡಿದರೂ ಒಂದೆರಡು ಮಿಲಿವೋಲ್ಟ್ ಉಳಿದೇ ಉಳಿಯುತ್ತದೆ. ಪಕ್ಕದಲ್ಲಿಟ್ಟು ನೋಡಿ: ಹವ್ಯಾಸಿಗಳು ದಶಕಗಳಿಂದ ಬಳಸುತ್ತಿರುವ ಎಲ್‌ಎಂ3886 ಚಿಪ್‌ನ ಇನ್‌ಪುಟ್ ಗದ್ದಲ ಸುಮಾರು 2 ಮೈಕ್ರೋವೋಲ್ಟ್. ಇಪ್ಪತ್ತು ಪಟ್ಟು ಹಿಗ್ಗಿಸಿದರೂ 40 ಮೈಕ್ರೋವೋಲ್ಟ್, ಮಿಲಿವೋಲ್ಟಿನ ಇಪ್ಪತ್ತೈದನೇ ಒಂದು ಪಾಲು. ವಾಲ್ವ್ ಪೂಜಾರಿಗಳು ಈ ಚಿಪ್‌ನ ಹೆಸರೆತ್ತಿದರೆ ನಗುತ್ತಾರೆ. ಹಾರ್ನ್ ನಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಕಟ್ಟಿದ್ದೆಲ್ಲ ಒಳ್ಳೆಯದೇ? ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ ಸಣ್ಣ ಆಂಪ್ಲಿಫೈಯರ್ ಬೋರ್ಡ್ ಕೇಳಿದರೂ ಮೊದಲು ಕೈಗಿಡುವುದು 4440. ಹಳ್ಳಿ ಹಳ್ಳಿಯ ಹುಡುಗರು ಸೋಲ್ಡರಿಂಗ್ ಕಲಿತದ್ದೇ ಈ ಐಸಿಯ ಮೇಲೆ, ಅದರ ಋಣ ದೊಡ್ಡದು. ಆದರೆ ಅದು ಕಾರಿನ ಕ್ಯಾಸೆಟ್ ಪ್ಲೇಯರಿಗೆ ಹೇಳಿ ಮಾಡಿಸಿದ್ದು, ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, 51 ಡಿಬಿ, ಮುನ್ನೂರೈವತ್ತು ಪಟ್ಟಿಗೂ ಹೆಚ್ಚು. ಹಾರ್ನ್‌ಗೆ ಹಾಕಿದರೆ ಬಿಸಿ ಎಣ್ಣೆಗೆ ನೀರು ಬಿದ್ದ ಸದ್ದೇ. ಸ್ವಂತ ಕೈಯಲ್ಲಿ ಕಟ್ಟಿದೆ ಎಂಬ ಹೆಮ್ಮೆ ಗದ್ದಲವನ್ನು ಒಂದು ಡಿಬಿಯೂ ಇಳಿಸದು.

ಗೇನ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಆಂಪ್ಲಿಫೈಯರ್ ಆರಿಸುವಾಗ ಯಾರೂ ಕೇಳದ ಪ್ರಶ್ನೆ ಇದೇ. ಸಂಕೇತ ಒಡೆಯುವ ಡಿಎಸ್‌ಪಿ ಪೆಟ್ಟಿಗೆ 2 ವೋಲ್ಟ್ ಕೊಡುತ್ತದೆ ಎನ್ನಿ. 16 ಓಂ ಡ್ರೈವರಿನಲ್ಲಿ 2 ವಾಟ್‌ಗೆ ಬೇಕಾದದ್ದು 5.7 ವೋಲ್ಟ್. ಮೂರು ಪಟ್ಟು ಹಿಗ್ಗಿಸಿದರೆ ಮುಗಿಯಿತು. ಅಂಗಡಿಯ ಆಂಪ್ಲಿಫೈಯರ್ ಹಿಗ್ಗಿಸುವುದು ಇಪ್ಪತ್ತರಿಂದ ಇಪ್ಪತ್ತೆಂಟು ಪಟ್ಟು. ಅದು ತನ್ನ ಗದ್ದಲದ ಜೊತೆಗೆ ಡಿಎಸ್‌ಪಿಯ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ. ಅದಕ್ಕೆ ಪರಿಹಾರವೆಂದು ಡಿಜಿಟಲ್‌ನಲ್ಲೇ 20 ಡಿಬಿ ತಗ್ಗಿಸಿದರೆ ಸಂಗೀತ ಮಾತ್ರ ಇಳಿಯುತ್ತದೆ, ಗದ್ದಲ ಇದ್ದಲ್ಲೇ ಇರುತ್ತದೆ. ನಾಲ್ಕೈದು ಪಟ್ಟು ಗೇನ್, ಎರಡು ಮೂರು ವಾಟ್, ಗದ್ದಲ ನೂರು ಮೈಕ್ರೋವೋಲ್ಟಿಗಿಂತ ಕಡಿಮೆ: ಇಂಥ ಆಂಪ್ಲಿಫೈಯರನ್ನು ಮಾರಿ ಬದುಕುವುದು ಕಷ್ಟ, ಏಕೆಂದರೆ ಅದು ಹಾರ್ನ್ ಬಿಟ್ಟು ಬೇರೆ ಯಾರ ಮನೆಗೂ ಉಪಯೋಗವಿಲ್ಲ. ಮನೆಯಲ್ಲಿ ಕಟ್ಟಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ದುಡ್ಡು ಉಳಿಯುತ್ತದೆ ಎಂಬುದು ಆಮೇಲಿನ ಮಾತು.

ಇಷ್ಟು ಹೇಳಿದ ಮೇಲೆ ಎದುರಿನವರ ಬತ್ತಳಿಕೆಯಿಂದ ಹೊರಬರುವ ಬಾಣ ಒಂದೇ, ದನಿ. "300ಬಿಯ ಮಾಧುರ್ಯ ಚಿಪ್‌ಗೆ ಎಲ್ಲಿಂದ ಬರಬೇಕು?" ಮಾಧುರ್ಯ ಎಲ್ಲಿಂದ ಬರುತ್ತದೆ ಎಂದು ಅವರನ್ನೇ ಕೇಳಿ, ಎರಡನೇ ಹಾರ್ಮೋನಿಕ್ ಅನ್ನುತ್ತಾರೆ. ಆದರೆ ಒಂಟಿ ವಾಲ್ವಿನ ಆ ವಿಕೃತಿ ಸದ್ದಿನ ಮಟ್ಟದ ಜೊತೆಗೇ ಇಳಿಯುತ್ತದೆ. 8 ವಾಟ್‌ನಲ್ಲಿ ಶೇ. 5 ಇದ್ದದ್ದು 20 ಮಿಲಿವಾಟ್‌ಗೆ ಬಂದಾಗ ಶೇ. 0.25ಕ್ಕೆ ಬಂದಿರುತ್ತದೆ. ಹಾರ್ನ್‌ನ ಗಂಟಲಿನಲ್ಲಿ ಒತ್ತಡಕ್ಕೆ ಸಿಕ್ಕ ಗಾಳಿಯೇ ಎರಡನೇ ಹಾರ್ಮೋನಿಕ್ ಹುಟ್ಟಿಸುತ್ತದೆ ಎಂಬುದನ್ನು ಥುರಾಸ್, ಜೆಂಕಿನ್ಸ್, ಓನೀಲ್ 1935ರಲ್ಲೇ ಬರೆದಿಟ್ಟಿದ್ದಾರೆ. ಹಾರ್ನ್ ತಾನೇ ಕೊಡುತ್ತಿರುವುದರ ಮೇಲೆ ವಾಲ್ವ್ ಇನ್ನಷ್ಟು ಚಿಮುಕಿಸುವುದರಿಂದ ಆಗುವುದು ಬಹಳ ಕಡಿಮೆ.

ಹಾಗಂತ ವ್ಯತ್ಯಾಸ ಕೇಳಿಸುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಕೇಳಿಸುತ್ತದೆ, ಆದರೆ ಅದರ ಬೇರು ಬೇರೆ ಕಡೆ ಇದೆ. ಫೀಡ್‌ಬ್ಯಾಕ್ ಇಲ್ಲದ 300ಬಿ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಎರಡು ಮೂರು ಓಂ. ಕಂಪ್ರೆಷನ್ ಡ್ರೈವರಿನ ಇಂಪೀಡೆನ್ಸ್ ಒಂದೇ ಸಮ ಇರುವುದಿಲ್ಲ, ಒಂದು ಕಡೆ 8 ಓಂ ಇದ್ದದ್ದು ಇನ್ನೊಂದು ಕಡೆ 20 ಮುಟ್ಟುತ್ತದೆ. 3 ಓಂ ಮೂಲದಿಂದ ನಡೆಸಿದಾಗ ಈ ಎರಡು ಜಾಗಗಳ ನಡುವೆ ಸುಮಾರು ಒಂದೂವರೆ ಡಿಬಿ ಏರಿಳಿತ ಬರುತ್ತದೆ. ಒಂದೂವರೆ ಡಿಬಿ ಯಾರಿಗೂ ಕೇಳಿಸುವಂಥದ್ದು. ಅಂದರೆ ಆ ಮಾಧುರ್ಯ ಒಂದು ಈಕ್ವಲೈಸೇಷನ್. ಅದು ಬೇಕಿದ್ದರೆ ಚಿಪ್ ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಸರಣಿಯಲ್ಲಿ 3 ಓಂ ರೆಸಿಸ್ಟರ್ ಹಾಕಿ, ಮಟ್ಟ ಸರಿಹೊಂದಿಸಿ ಕೇಳಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಕುಚೇಷ್ಟೆಯಲ್ಲ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್ ಸ್ಟೀರಿಯೋಫೈಲ್ ಪತ್ರಿಕೆಯವರ ಸವಾಲು ಒಪ್ಪಿ, ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಅವರು ಕೊಟ್ಟ ದುಬಾರಿ ಆಂಪ್ಲಿಫೈಯರಿನ ಹಾಗೇ ವರ್ತಿಸುವಂತೆ ತಿದ್ದಿದ. ಎರಡರ ಔಟ್‌ಪುಟ್ಟಿನ ವ್ಯತ್ಯಾಸವನ್ನು ಅಳೆದು ಅದನ್ನು ಕುಗ್ಗಿಸುತ್ತಾ ಹೋದದ್ದೇ ಅವನ ವಿಧಾನ. ಕೊನೆಗೆ ಆ ಪತ್ರಿಕೆಯ ಪಳಗಿದ ಕಿವಿಗಳಿಗೇ ಎರಡನ್ನು ಬೇರೆ ಮಾಡಿ ಗುರುತಿಸಲಾಗಲಿಲ್ಲ. ನಲವತ್ತು ವರ್ಷ ಕಳೆದರೂ ನಾವು ಇನ್ನೂ ಮಾಧುರ್ಯದ ಗುಟ್ಟನ್ನು ಗಾಜಿನ ಬುರುಡೆಯೊಳಗೆ ಹುಡುಕುತ್ತಿದ್ದೇವೆ.

ಇನ್ನು ಆರೂ ಒಂದೇ ಜಾತಿಯವಾಗಿರಬೇಕು ಎಂಬ ವಾದ. ಇದಕ್ಕೆ ಒಂದು ಮಟ್ಟಿಗೆ ಆಧಾರವಿದೆ. ಒಂದು ಆಂಪ್ಲಿಫೈಯರ್ ಪೊಲಾರಿಟಿ ತಿರುಗಿಸಿ ಇನ್ನೊಂದು ತಿರುಗಿಸದಿದ್ದರೆ, ಅಥವಾ ಗೇನ್‌ಗಳು ಬೇರೆ ಬೇರೆಯಿದ್ದರೆ ಕ್ರಾಸ್‌ಓವರ್ ಜಾಗದಲ್ಲಿ ದನಿ ಹರಿದುಹೋಗುವುದು ನಿಜ. ಆದರೆ ಇವೆರಡೂ ಅಳೆದು ಸರಿಪಡಿಸುವ ಸಂಗತಿಗಳು. ಲಿಂಕ್‌ವಿಟ್ಸ್ 1976ರಲ್ಲಿ ಬರೆದದ್ದು, ಇವತ್ತು ಎಲ್ಲ ಡಿಎಸ್‌ಪಿಗಳಲ್ಲೂ ಇರುವ ಲಿಂಕ್‌ವಿಟ್ಸ್-ರೈಲಿ ಫಿಲ್ಟರ್, ಬೇಡುವುದು ಎರಡೂ ಡ್ರೈವರುಗಳ ಸದ್ದು ಒಂದೇ ಮಟ್ಟದಲ್ಲಿ, ಒಂದೇ ಫೇಸ್‌ನಲ್ಲಿ ಬಂದು ಸೇರಬೇಕು ಎಂದಷ್ಟೇ. ಅಲ್ಲಿ ವಾಲ್ವಿನ ಕುಲಗೋತ್ರ ಕೇಳುವ ಜಾಗವೇ ಇಲ್ಲ. ತಮಾಷೆಯೆಂದರೆ ಬೇಸ್‌ಗೆ ಹದಿನೈದಿಂಚಿನ ಕಾಗದದ ಕೋನ್, ಮಿಡ್‌ಗೆ ಅಲ್ಯೂಮಿನಿಯಂ ಡಯಾಫ್ರಾಮ್, ಮೇಲೆ ಬುಲೆಟ್ ಟ್ವೀಟರ್, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರನ್ನು ಜೋಡಿಸಿ ಇವರು ಆರಾಮಾಗಿ ಕೂರುತ್ತಾರೆ. ಆಂಪ್ಲಿಫೈಯರ್ ಬೇರೆಯಾದರೆ ಮಾತ್ರ ದನಿ ಬೆರೆಯುವುದಿಲ್ಲವಂತೆ.

ಬೇಸ್ ಕಡೆ ಈ ಹಟ ಬರೀ ವ್ಯರ್ಥವಲ್ಲ, ಹಾನಿ. 30 ಹರ್ಟ್ಸ್‌ಗೆ ನಿಜವಾದ ಹಾರ್ನ್ ಕಟ್ಟಲು ಅದರ ಬಾಯಿ ಮೂರೂವರೆ ಮೀಟರಿಗೂ ಅಗಲವಾಗಬೇಕು. ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಕೋಣೆಯ ಮೂಲೆಯನ್ನೇ ಹಾರ್ನ್‌ನ ಮುಂದುವರಿಕೆ ಮಾಡಿಕೊಂಡದ್ದು ಈ ಕಷ್ಟಕ್ಕೇ. ನಮ್ಮಲ್ಲಿ ಬಹುಪಾಲು ಜನ ಕೆಳಗೆ ಒಂದು ದೊಡ್ಡ ವೂಫರ್ ಪೆಟ್ಟಿಗೆ ಇಟ್ಟು ಮುಗಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅದು 96 ಡಿಬಿಯ ಪ್ರಾಣಿ, ಹಾರ್ನ್‌ಗಿಂತ 12 ಡಿಬಿ ಕೆಳಗೆ, ಅಂದರೆ ಅದೇ ಸದ್ದಿಗೆ ಹದಿನಾರು ಪಟ್ಟು ವಾಟ್ ಕೇಳುತ್ತದೆ. ಅದಕ್ಕೆ 3 ಓಂ ಮೂಲದ ವಾಲ್ವ್ ಆಂಪ್ಲಿಫೈಯರ್ ಕಟ್ಟಿದರೆ, ಕಾಯಿಲ್ 6 ಓಂ ಇದ್ದಾಗ, 0.3 ಇದ್ದ ವೂಫರಿನ ಕ್ಯೂ (ಅದರ ಅನುರಣನ ಎಷ್ಟು ಹಿಡಿತದಲ್ಲಿದೆ ಎಂಬ ಅಳತೆ) 0.45ರ ಹತ್ತಿರಕ್ಕೆ ಜಿಗಿಯುತ್ತದೆ. ಪೆಟ್ಟಿಗೆಯ ಅಳತೆಗಾಗಿ ಹಾಕಿದ ಲೆಕ್ಕವೆಲ್ಲ ಹಾಳು. ಆಮೇಲೆ ಬರುವ ಗುಮ್ಮೆನ್ನುವ ಬೇಸನ್ನು ತುಂಬು ದನಿ ಎಂದು ಕರೆದು ಬೆನ್ನು ತಟ್ಟಿಕೊಳ್ಳುವುದು. ಬೇಸ್‌ಗೆ ಐವತ್ತು ನೂರು ವಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸಾಕು, ಕ್ಲಾಸ್ ಡಿ ಆದರೂ ಆಗುತ್ತದೆ. 5200–1943 ಜೋಡಿಯ ಬೋರ್ಡ್ ಕೂಡ ನಡೆಯುತ್ತದೆ, ಟ್ರಾನ್ಸಿಸ್ಟರ್ ನಕಲಿ ಅಲ್ಲದಿದ್ದರೆ. ನಕಲಿ ಎಷ್ಟಿವೆ ಎಂದು ಎಸ್.ಪಿ. ರೋಡ್ ಸುತ್ತಿದವರಿಗೆ ನಾನು ಹೇಳಬೇಕಿಲ್ಲ.

ವಾಲ್ವ್ ಮೇಲೆ ನನಗೆ ದ್ವೇಷವಿದೆ ಎಂದುಕೊಳ್ಳಬೇಡಿ. ಮಲ್ಟಿ-ಆಂಪ್ ಪದ್ಧತಿಯಲ್ಲಿ ವಾಲ್ವ್‌ಗೆ ಸಿಗುವ ನಿಜವಾದ ಅನುಕೂಲವನ್ನು ವಾಲ್ವ್ ಭಕ್ತರೇ ಬಳಸಿಕೊಳ್ಳುವುದಿಲ್ಲ ಎಂಬುದೇ ನನ್ನ ಸಂಕಟ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ದಪ್ಪಗಿರಬೇಕಾದದ್ದು ಕೆಳಗಿನ ಸ್ವರಗಳಿಗಾಗಿ. ಅದೇ ವೋಲ್ಟೇಜಿಗೆ 600 ಹರ್ಟ್ಸ್‌ನಲ್ಲಿ ಕೋರಿನೊಳಗಿನ ಫ್ಲಕ್ಸ್ 30 ಹರ್ಟ್ಸ್‌ನಲ್ಲಿ ಇರುವುದರ ಇಪ್ಪತ್ತನೇ ಒಂದು ಪಾಲು. ಬೇಸ್ ಇಲ್ಲದ ಕಡೆ ಅಂಗೈಯಲ್ಲಿ ಹಿಡಿಸುವ ಟ್ರಾನ್ಸ್‌ಫಾರ್ಮರ್ ಸಾಕು. ಸಣ್ಣದಾದಷ್ಟೂ ಮೇಲಿನ ಸ್ವರಗಳಿಗೆ ಅದನ್ನು ಚೆನ್ನಾಗಿ ಸುತ್ತುವುದೂ ಸುಲಭ. ಇಎಲ್84 ವಾಲ್ವನ್ನು ಟ್ರಯೋಡ್ ಮಾಡಿ ಕಟ್ಟಿದರೆ ಸುಮಾರು 2 ವಾಟ್ ಬರುತ್ತದೆ, ಮೇಲಿನ ಲೆಕ್ಕಕ್ಕೆ ಸರಿಯಾಗಿ ಅಷ್ಟೇ. ಅದರ ಕ್ಯಾಥೋಡ್ ಬೇರೆ, ಕಾಯುವ ತಂತಿ ಬೇರೆ, ಹೀಗಾಗಿ ಹಮ್ ಇಳಿಸುವುದೂ ಸುಲಭ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ಈ ವಾಲ್ವನ್ನು ತಯಾರಿಸುತ್ತಿತ್ತು. ಹಳೆ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ ಈಗಲೂ ಒಂದೆರಡು ಸಿಕ್ಕರೆ ಆಶ್ಚರ್ಯವಿಲ್ಲ. ಆದರೆ 300ಬಿ ಎಂದು ಜಪಿಸುವವರಿಗೆ ರೇಡಿಯೋಗಳಲ್ಲಿ ದುಡಿದ ಈ ವಾಲ್ವ್ ತೀರಾ ಬಡವರ ಮನೆಯದು.

ನನ್ನ ಆಯ್ಕೆ ಕೇಳಿದರೆ ಮಿಡ್ ಹಾರ್ನ್‌ಗೆ ಜಾನ್ ಲಿನ್ಸ್ಲಿ ಹುಡ್ 1969ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಕೊಟ್ಟ ಕ್ಲಾಸ್ ಎ ಸರ್ಕ್ಯೂಟ್. ಚಾನೆಲ್‌ಗೆ ನಾಲ್ಕೇ ಟ್ರಾನ್ಸಿಸ್ಟರ್. ಮೂಲದಲ್ಲಿ ಅದು 8 ಓಂಗೆ 10 ವಾಟ್ ಕೊಡಲು 27 ವೋಲ್ಟ್, 1.2 ಆಂಪಿಯರ್ ಎಳೆದು ಒಂದೊಂದು ಚಾನೆಲ್‌ಗೂ ಮೂವತ್ತು ವಾಟ್ ಮೇಲೆ ಶಾಖ ಬಿಡುತ್ತದೆ. ಹಾರ್ನ್‌ಗೆ ಅಷ್ಟು ಬೇಡವೇ ಬೇಡ. 16 ಓಂ ಡ್ರೈವರಿಗೆ 22 ವೋಲ್ಟ್, 0.6 ಆಂಪಿಯರ್ ಸಾಕು, ಶಾಖ 13 ವಾಟ್‌ಗೆ ಇಳಿಯಿತು. ಏಪ್ರಿಲ್ ತಿಂಗಳಲ್ಲೂ ಹೀಟ್‌ಸಿಂಕ್ ಮೇಲೆ ಕೈ ಇಡಬಹುದು. ಇನ್ನೊಂದು ಅನುಕೂಲ ಇದರ ಹಳೆಯ ರೂಪದಲ್ಲೇ ಇದೆ. ಔಟ್‌ಪುಟ್ ಕೆಪಾಸಿಟರ್ ದಾಟಿ ಹೋಗುವುದರಿಂದ ಟ್ರಾನ್ಸಿಸ್ಟರ್ ಸುಟ್ಟುಹೋದರೂ ಡಿಸಿ ಡ್ರೈವರಿಗೆ ಮುಟ್ಟದು. ಔಟ್‌ಪುಟ್ಟಿನಲ್ಲಿ ಕೆಪಾಸಿಟರ್ ಕಂಡರೆ ಹೈಫೈ ಜನ ಮುಖ ಸಿಂಡರಿಸುತ್ತಾರೆ, ಆದರೆ ದುಬಾರಿ ಡಯಾಫ್ರಾಮ್ ಬದಲಾಯಿಸಿದವರು ಸಿಂಡರಿಸುವುದಿಲ್ಲ. 800 ಹರ್ಟ್ಸ್‌ನಿಂದ ಮೇಲಕ್ಕೆ ನುಡಿಸುವ 16 ಓಂ ಡ್ರೈವರಿಗೆ 50 ಮೈಕ್ರೋಫ್ಯಾರಡ್ ಹಾಕಿದರೆ 200 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ, ಅದರ ಜೊತೆಗೆ 100 ಹರ್ಟ್ಸ್ ಹಮ್ ಕೂಡ. ಈ ಸರ್ಕ್ಯೂಟಿನ ದೌರ್ಬಲ್ಯ ಪವರ್ ಸಪ್ಲೈ ಕಡೆ ಇದೆ, ಸಪ್ಲೈನ ಗಲೀಜನ್ನು ಅದು ತಾನಾಗಿ ತಡೆಯದು. ಆ ಗಲೀಜು ತಡೆಯಲು ಸಪ್ಲೈ ದಾರಿಯಲ್ಲಿ ಕೆಪಾಸಿಟನ್ಸ್ ಮಲ್ಟಿಪ್ಲೈಯರ್ ಇರಲೇಬೇಕು. ಗೇನ್ ಇಳಿಸುತ್ತಾ ಹೋದರೆ ಆಸಿಲೇಟ್ ಆಗುವ ಭಯವೂ ಇದೆ, ಆಸಿಲೋಸ್ಕೋಪ್ ಇಲ್ಲದೆ ಕೈ ಹಾಕಬೇಡಿ.

ಅಷ್ಟು ತಾಪತ್ರಯ ಬೇಡವೆಂದರೆ ಚಿಪ್ ಆಂಪ್ಲಿಫೈಯರ್ ಕಟ್ಟಿ. ಎಲ್‌ಎಂ3886 ಹತ್ತು ಪಟ್ಟಿಗಿಂತ ಕಡಿಮೆ ಗೇನ್‌ನಲ್ಲಿ ಸ್ಥಿರವಾಗಿ ನಿಲ್ಲದು, ನಿಜ. ಅದಕ್ಕೆ ಕಿತ್ತೆಸೆದ ರೆಸಿಸ್ಟರನ್ನೇ ಮರಳಿ ತನ್ನಿ: 16 ಓಂ ಡ್ರೈವರಿಗೆ ಸರಣಿಯಲ್ಲಿ 11 ಓಂ, ಅಡ್ಡಲಾಗಿ 7.5 ಓಂ. ಸಂಗೀತವೂ ಗದ್ದಲವೂ ಒಟ್ಟಿಗೆ 10 ಡಿಬಿ ಇಳಿಯುತ್ತವೆ. ಆಂಪ್ಲಿಫೈಯರ್‌ಗೂ ಡ್ರೈವರ್‌ಗೂ ನಡುವೆ ಏನೂ ಇರಬಾರದು ಎಂಬ ಶುದ್ಧಿವಾದಿಗಳಿಗೆ ಇದು ಮಹಾಪಾಪ. ಆದರೆ ಡ್ರೈವರಿಗೆ ಈಗ ಕಾಣುವ ಮೂಲ ಇಂಪೀಡೆನ್ಸ್ ಸುಮಾರು ನಾಲ್ಕೂವರೆ ಓಂ, ಅವರ ಪ್ರೀತಿಯ 300ಬಿಗಿಂತಲೂ ಒಂದು ಕೈ ಹೆಚ್ಚು. ಮಾಧುರ್ಯ ಅಲ್ಲೇ ಇದ್ದರೆ ಇಲ್ಲೂ ಬರಬೇಕಲ್ಲ?

ಆರು ಪೆಟ್ಟಿಗೆ, ಆರು ಪ್ಲಗ್ ಎಂದರೆ ಗ್ರೌಂಡ್ ಲೂಪ್ ಹಮ್‌ಗೆ ಆರು ದಾರಿ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಎಳೆಯಿರಿ, ಇನ್‌ಪುಟ್ ಬ್ಯಾಲೆನ್ಸ್ಡ್ ಮಾಡಿ. ಹಮ್ ಹೋಗಲೆಂದು ಅರ್ಥಿಂಗ್ ಪಿನ್ ಮುರಿಯುವ ಚಾಳಿ ನಮ್ಮಲ್ಲಿ ಬಹಳ ಇದೆ. ವಾಲ್ವ್ ಪೆಟ್ಟಿಗೆಯೊಳಗೆ ಮುನ್ನೂರು ನಾನೂರು ವೋಲ್ಟ್ ಇರುವಾಗ ಅದು ಜೀವದ ಜೊತೆ ಆಟ.

"ಅಳತೆಯೆಲ್ಲ ಇರಲಿ ಸಾರ್, ಕೊನೆಗೆ ಕಿವಿಯೇ ಪ್ರಮಾಣ" ಎನ್ನುವವರಿಗೆ ನನ್ನ ತಕರಾರಿಲ್ಲ. ಕಿವಿಗೇ ಬಿಡೋಣ. ಆದರೆ ಮೊದಲು ಇನ್‌ಪುಟ್ ಶಾರ್ಟ್ ಮಾಡಿ, ಫ್ಯಾನ್ ಆಫ್ ಮಾಡಿ, ಹಾರ್ನ್ ಬಾಯಿಗೆ ಕಿವಿ ಇಟ್ಟು ಕೇಳಿ. ಆಮೇಲೆ ಎರಡು ಆಂಪ್ಲಿಫೈಯರುಗಳ ಮಟ್ಟವನ್ನು ಮೀಟರಿನಲ್ಲಿ ಸಮ ಮಾಡಿ, ಯಾವುದು ಯಾವಾಗ ನುಡಿಯುತ್ತಿದೆ ಎಂದು ಮನೆಯವರಿಗಷ್ಟೇ ಗೊತ್ತಿರುವ ಹಾಗೆ ಬದಲಾಯಿಸಿ ಕೇಳಿ. ಅಷ್ಟಾದ ಮೇಲೂ 300ಬಿಯೇ ಗೆದ್ದರೆ ಧಾರಾಳವಾಗಿ ಕಟ್ಟಿಕೊಳ್ಳಿ, ಮಿಡ್‌ಗೆ ಮಾತ್ರ. ಕಾಯುವ ತಂತಿಗೆ ರೆಗ್ಯುಲೇಟ್ ಮಾಡಿದ ಡಿಸಿ ಕೊಡುವುದನ್ನು ಮರೆಯಬೇಡಿ.